ತಾಲ್ಲೂಕನ್ನು ಅಳೆದ ಅರ್ಥಶಾಸ್ತ್ರಜ್ಞ

ಕೇಳುಗರಿಗೆ ನಮಸ್ಕಾರ. ಕರ್ನಾಟಕದ ಹಿಂದುಳಿದ ಪ್ರದೇಶಗಳ ಮಾತು ಬಂದಾಗಲೆಲ್ಲ ‘ನಂಜುಂಡಪ್ಪ ವರದಿ’ ಎಂಬ ಹೆಸರು ಕೇಳಿಬರುತ್ತದೆ. ಡಾ. ಡಿ.ಎಂ. ನಂಜುಂಡಪ್ಪನವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದವರು. ಆದರೂ ಅವರ ಹೆಸರು ಉಳಿದಿರುವುದು ಆ ಹುದ್ದೆಗಳಿಂದಲ್ಲ, ಒಂದು ಅಳತೆಗೋಲಿನಿಂದ.

ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಲು ಎಸ್.ಎಂ. ಕೃಷ್ಣ ಅವರ ಸರ್ಕಾರ 2000ದಲ್ಲಿ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. 2002ರಲ್ಲಿ ವರದಿ ಸಲ್ಲಿಕೆಯಾಯಿತು. ಜಿಲ್ಲೆಯ ಸರಾಸರಿಯೊಳಗೆ ಬಡ ತಾಲ್ಲೂಕು ಸುಲಭವಾಗಿ ಮರೆಯಾಗುತ್ತದೆ. ಆದ್ದರಿಂದ ಸಮಿತಿಯು ಅಂದಿನ 175 ತಾಲ್ಲೂಕುಗಳನ್ನೇ ಒಂದೊಂದಾಗಿ ತೆಗೆದುಕೊಂಡು, ಕೃಷಿ, ಕೈಗಾರಿಕೆ, ಹಣಕಾಸು, ಮೂಲಸೌಕರ್ಯ, ಶಿಕ್ಷಣ, ಆರೋಗ್ಯ ಮೊದಲಾದವುಗಳಿಗೆ ಸೇರಿದ 35 ಸೂಚಕಗಳಿಂದ ಒಂದು ಸೂಚ್ಯಂಕವನ್ನು ಕಟ್ಟಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟು ನೋಡಿದಾಗ 114 ತಾಲ್ಲೂಕುಗಳು ಅದಕ್ಕಿಂತ ಕೆಳಗಿದ್ದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು.

ಆ 39ರಲ್ಲಿ 26 ಉತ್ತರ ಕರ್ನಾಟಕದವು, 21 ಅಂದಿನ ಗುಲ್ಬರ್ಗಾ ವಿಭಾಗವೊಂದರವೇ. ಆ ಭಾಗದ ಜನ ದಶಕಗಳಿಂದ ಹೇಳುತ್ತ ಬಂದ ನೋವಿಗೆ ಸರ್ಕಾರವೇ ನೇಮಿಸಿದ ಸಮಿತಿಯ ಅಂಕಿಅಂಶಗಳು ಸಾಕ್ಷಿ ನುಡಿದವು. ಉಳಿದ 13 ದಕ್ಷಿಣದವು, ಮತ್ತು ರಾಜಧಾನಿಯ ಮಗ್ಗುಲಲ್ಲೇ ಇರುವ ಕನಕಪುರ, ಮಾಗಡಿಗಳೂ ಅವುಗಳಲ್ಲಿದ್ದವು. ವರದಿಯ ನಿಷ್ಪಕ್ಷಪಾತಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಕಾಣುವುದಿಲ್ಲ.

ಎಂಟು ವರ್ಷಗಳಲ್ಲಿ ಸುಮಾರು 31,000 ಕೋಟಿ ರೂಪಾಯಿ ಹೂಡಬೇಕೆಂದು ಸಮಿತಿ ಸಲಹೆ ನೀಡಿತು. 2007-08ರಿಂದ ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂತು. ಹಣ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಶಿಕ್ಷಕರ, ವೈದ್ಯರ, ಎಂಜಿನಿಯರರ ಹುದ್ದೆಗಳು ಖಾಲಿ ಬಿದ್ದಿರುವ ತಾಲ್ಲೂಕಿನಲ್ಲಿ ಅನುದಾನವು ಕಾಗದದ ಮೇಲೆಯೇ ಉಳಿಯುವ ಅಪಾಯವಿದೆ. ಸೂಚ್ಯಂಕವು ಕೊರತೆ ಎಲ್ಲಿದೆಯೆಂದು ತೋರಿಸಬಲ್ಲದು. ಅದನ್ನು ತುಂಬುವ ಹೊಣೆ ಆಡಳಿತದ್ದು.

ಇಂದು ರಾಜ್ಯದಲ್ಲಿ ತಾಲ್ಲೂಕುಗಳ ಸಂಖ್ಯೆ ಇನ್ನೂರನ್ನು ದಾಟಿದೆ. ಹಳೆಯ ತಾಲ್ಲೂಕುಗಳು ಒಡೆದು ಹೊಸವು ಹುಟ್ಟಿರುವುದರಿಂದ 2002ರ ಪಟ್ಟಿಯನ್ನು ಇದ್ದಂತೆಯೇ ಬಳಸುವುದು ಈಗ ಸಾಧುವಲ್ಲ. ಮತ್ತೆ ಮೊದಲಿನಿಂದ ಅಳೆಯಬೇಕಾಗಿದೆ. ಆ ಕೆಲಸಕ್ಕಾಗಿ ಸರ್ಕಾರ 2024ರಲ್ಲಿ ಹೊಸ ಸಮಿತಿಯೊಂದನ್ನು ರಚಿಸಿ, ಅದರ ಅಧ್ಯಕ್ಷತೆಯನ್ನು ಮತ್ತೊಬ್ಬ ಅರ್ಥಶಾಸ್ತ್ರಜ್ಞರಾದ ಪ್ರೊ. ಎಂ. ಗೋವಿಂದ ರಾವ್ ಅವರಿಗೆ ವಹಿಸಿತು. ನಮಸ್ಕಾರ.