ಒಣಗದ ಮೋಡ, ಅಂಟಿಕೊಂಡ ಸೊಳ್ಳೆ

ನಮಸ್ಕಾರ. ಎಡಗಡೆ ಕಾಣುತ್ತಿರುವುದು ವಿನ್ಸೆಂಟ್ ವ್ಯಾನ್ ಗೋ 1889ರಲ್ಲಿ ಬಿಡಿಸಿದ, ಸೈಪ್ರೆಸ್ ಮರಗಳಿರುವ ಗೋಧಿ ಹೊಲದ ಚಿತ್ರ. ಬಲಗಡೆ, ಹೂಕೋಸನ್ನು ಹೋಲುವ ಮೋಡಗಳಿರುವ ಕ್ಯಾನ್ವಾಸ್ ಅದನ್ನು ನೋಡಿ ನಾನು ತೈಲವರ್ಣದಲ್ಲಿ ಮಾಡುತ್ತಿರುವ ನಕಲು. ಗೆರೆ ಎಳೆದದ್ದನ್ನೂ ಕಂದು ಬಣ್ಣದ ತೆಳುವಾದ ಲೇಪ ಕೊಟ್ಟದ್ದನ್ನೂ ನೀವೇ ನೋಡುತ್ತಿದ್ದೀರಿ, ವಿವರಿಸುವುದಿಲ್ಲ.

ನಕಲು ಮಾಡುವುದು ಕಲಿಕೆಯೇ ಅಲ್ಲ ಎಂದು ಹಿಂದಿನ ವಿಡಿಯೊದಲ್ಲಿ ಹೇಳಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ದಕ್ಷಿಣ ಫ್ರಾನ್ಸಿನ ಸ್ಯಾಂ ರೆಮಿಯ ಮಾನಸಿಕ ಚಿಕಿತ್ಸಾಲಯದಲ್ಲಿದ್ದ ವ್ಯಾನ್ ಗೋ, ಬೇಸಿಗೆಯಲ್ಲಿ ಹೊಲವನ್ನೇ ಎದುರಿಗಿಟ್ಟುಕೊಂಡು ಬಿಡಿಸಿದ ಈ ದೃಶ್ಯವನ್ನು ಸೆಪ್ಟೆಂಬರ್‌ನಲ್ಲಿ ಕೋಣೆಯೊಳಗೆ ಕುಳಿತು ತಾವೇ ಮತ್ತೊಮ್ಮೆ ಬಿಡಿಸಿದರು; ತಾಯಿಗೂ ತಂಗಿಗೂ ಎಂದು ಇನ್ನೊಂದು ಚಿಕ್ಕ ಪ್ರತಿಯನ್ನೂ ಮಾಡಿದರು. ಬೇಸಿಗೆಯದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಸೆಪ್ಟೆಂಬರ್‌ನದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೊದಲನೆಯದರಷ್ಟು ದಪ್ಪ ಬಣ್ಣ ಇದರಲ್ಲಿಲ್ಲ, ಆದ್ದರಿಂದ ಸುಲಭವಾದೀತು ಎಂದು ನಾನು ಲಂಡನ್ನಿನದನ್ನೇ ಆರಿಸಿಕೊಂಡೆ.

ಕೆಟ್ಟದ್ದು ಮೋಡದಲ್ಲಿ. ಮೊದಲು ಕೊಟ್ಟ, ಅಂಬರ್ ಎಂಬ ಮಣ್ಣಿನ ಬಣ್ಣದ ಕಂದು ಲೇಪ ಎರಡೇ ದಿನದಲ್ಲಿ ಒಣಗಿದ್ದರಿಂದ ಮೋಡದ ಬಿಳಿಯೂ ಹಾಗೆಯೇ ಒಣಗುತ್ತದೆ ಎಂದುಕೊಂಡೆ. ತೈಲವರ್ಣ ಒದ್ದೆ ಬಟ್ಟೆಯಂತೆ ನೀರಾರಿ ಒಣಗುವುದಲ್ಲ; ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಆ ಕೆಲಸಕ್ಕೆ ಚುರುಕು ಮುಟ್ಟಿಸುತ್ತದೆ, ಮೋಡಕ್ಕೆ ಹಚ್ಚಿದ ಸತುವಿನ ಬಿಳಿಯಲ್ಲಿ ಅಂಥದ್ದೇನೂ ಇಲ್ಲ. ಸಾಲದೆಂಬಂತೆ, ಹೊಳಪು ಬರಲಿ ಎಂದು ನಾನು ಇನ್ನಷ್ಟು ಎಣ್ಣೆ ಬೆರೆಸಿದ್ದೆ, ಹೊರಗೆ ಮಳೆಗಾಲದ ತಂಡಿ ಬೇರೆ. ಎಂಟನೆಯ ದಿನ ಬೆರಳಿನಿಂದ ಒತ್ತಿದಾಗ ಮೇಲಿನ ತೆಳುವಾದ ಪೊರೆ ಕೆನೆಯಂತೆ ಸುಕ್ಕುಗಟ್ಟಿ ಹರಿದು, ಒಳಗಿನಿಂದ ಬೆಣ್ಣೆಯಂಥ ಬಿಳಿ ಹೊರಬಂದಿತು. ತಾಳ್ಮೆಯಿಲ್ಲದೆ ಅದರ ಮೇಲೆಯೇ ಸೈಪ್ರೆಸ್ಸಿನ ಹಸಿರನ್ನು ಎಳೆದೆ. ಅರ್ಧ ಆಕಾಶ ಪಿಸ್ತಾ ಐಸ್‌ಕ್ರೀಮಿನ ಬಣ್ಣಕ್ಕೆ ತಿರುಗಿತು.

ಬೇಗ ಒಣಗಲೆಂದು ರಾತ್ರಿಯಿಡೀ ಫ್ಯಾನ್ ಹಾಕಿಟ್ಟದ್ದು ಇನ್ನೂ ದೊಡ್ಡ ತಪ್ಪು. ಕೋಣೆಯ ದೂಳೆಲ್ಲ ಮೋಡಕ್ಕೆ ಮೆತ್ತಿಕೊಂಡಿತ್ತು. ನಡುವೆ ಕಾಲು ಚಾಚಿಕೊಂಡು ಒಂದು ಸೊಳ್ಳೆ. ಅಮ್ಮ ನೋಡಿ, “ಇನ್ನು ಸೊಳ್ಳೆಬತ್ತಿ ತರೋದೇ ಬೇಡ ಬಿಡು” ಎಂದರು. ಆದರೆ ಸ್ಯಾಂ ರೆಮಿಯಲ್ಲಿ ಅದೇ ವರ್ಷ ವ್ಯಾನ್ ಗೋ ಬಿಡಿಸಿದ ಆಲಿವ್ ಮರಗಳ ಒಂದು ಚಿತ್ರದಲ್ಲಿ, ಬಣ್ಣಕ್ಕೆ ಅಂಟಿ ಉಳಿದಿದ್ದ ಮಿಡತೆಯೊಂದು 2017ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ನೆಲ್ಸನ್-ಆಟ್ಕಿನ್ಸ್ ಮ್ಯೂಸಿಯಂನಲ್ಲಿ ಪತ್ತೆಯಾಯಿತು ಎಂಬುದನ್ನು ಅಮ್ಮನಿಗೆ ಹೇಳಿ ಸ್ವಲ್ಪ ಮರ್ಯಾದೆ ಉಳಿಸಿಕೊಂಡೆ.

ಈಗ ನೀವು ನೋಡುತ್ತಿರುವುದು ಹಸಿರನ್ನು ಬಣ್ಣ ಕಲಸುವ ಚಪ್ಪಟೆ ಚಾಕುವಾದ ಪ್ಯಾಲೆಟ್ ನೈಫಿನಿಂದ ಕೆರೆದು ತೆಗೆದು, 18 ದಿನ ಬಿಟ್ಟು ಮತ್ತೆ ಹಚ್ಚಿದ ಮರ. ಸೈಪ್ರೆಸ್ ಈಜಿಪ್ಟಿನ ಶಿಲಾಸ್ತಂಭದಷ್ಟು ಸುಂದರ, ಆದರೆ ಅದರ ಕಪ್ಪನ್ನು ಸರಿಯಾಗಿ ಹಿಡಿಯುವುದು ಬಹಳ ಕಷ್ಟ ಎಂಬರ್ಥದಲ್ಲಿ ವ್ಯಾನ್ ಗೋ ತಮ್ಮನಾದ ಥಿಯೊಗೆ ಬರೆದಿದ್ದರು. ನಾನು ಟ್ಯೂಬಿನ ಕಪ್ಪನ್ನೇ ಬಳಸಿದ್ದರಿಂದ ಮರ ಬೆಂಕಿಯಲ್ಲಿ ಸುಟ್ಟಂತೆ ಕಾಣುತ್ತಿದೆ. ಮುಂದಿನ ಸಲ ನೀಲಿಗೆ ಹಸಿರನ್ನು ಬೆರೆಸಿ ನೋಡುತ್ತೇನೆ. ಶಾಟ್ ಮುಗಿಯುತ್ತಿದೆ, ಗೋಧಿಯ ಹಳದಿಯನ್ನು ಇನ್ನೂ ಹಚ್ಚಿಲ್ಲ. ಸೊಳ್ಳೆಯನ್ನು ಚಿಮಟದಿಂದ ತೆಗೆದೆ, ಒಂದು ಕಾಲು ಮಾತ್ರ ಬರಲಿಲ್ಲ.