ಆರಿಸಿದ ಮೇಲೂ ಹರಿಯುವ ವಿದ್ಯುತ್

ಪರದೆಯ ಮೇಲೆ ಕಾಣುತ್ತಿರುವುದು ನಮ್ಮ ಮನೆಯ ವಿದ್ಯುತ್ ಮೀಟರ್. ಮಿನುಗುತ್ತಿರುವ ಕೆಂಪು ದೀಪದ ಬದಿಯಲ್ಲಿ 3200 ಎಂಬ ಸಂಖ್ಯೆಯಿದೆ. ಆ ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್, ಎಂದರೆ 1000 ವ್ಯಾಟ್‌ನ ಉಪಕರಣವನ್ನು ಒಂದು ಗಂಟೆ ನಡೆಸುವಷ್ಟು ವಿದ್ಯುತ್, ಖರ್ಚಾಯಿತೆಂದು ಅರ್ಥ. ಹೀಗಾಗಿ ಈ ಮೀಟರ್‌ನಲ್ಲಿ 1125ನ್ನು ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ಭಾಗಿಸಿದರೆ, ಆ ಹೊತ್ತಿಗೆ ಇಡೀ ಮನೆ ಎಷ್ಟು ವ್ಯಾಟ್ ಬಳಸುತ್ತಿದೆ ಎಂಬುದು ಸಿಗುತ್ತದೆ. ಈಗ ದೀಪ, ಟಿವಿ, ಕಂಪ್ಯೂಟರ್‌ಗಳನ್ನೆಲ್ಲ ಆರಿಸಿದ್ದೇವೆ, ಫ್ರಿಜ್‌ನ ಪ್ಲಗ್ಗನ್ನೂ ಸ್ವಲ್ಪ ಹೊತ್ತು ತೆಗೆದಿದ್ದೇವೆ. ಆದರೂ 25 ಸೆಕೆಂಡಿಗೊಮ್ಮೆ ದೀಪ ಮಿನುಗುತ್ತಲೇ ಇದೆ. ಇದು 45 ವ್ಯಾಟ್. ಕೇಳಲು ಅಲ್ಪವೆನಿಸಿದರೂ ವರ್ಷದ 8760 ಗಂಟೆಗಳೂ ಹೀಗೆಯೇ ಹರಿದರೆ ಸುಮಾರು 394 ಯೂನಿಟ್ ಆಗುತ್ತದೆ.

ರಿಮೋಟ್‌ನಿಂದ ಆರಿಸಿದ ಉಪಕರಣ ಪೂರ್ತಿ ಆರಿರುವುದಿಲ್ಲ. ಮುಂದಿನ ಸೂಚನೆಗಾಗಿ ಎಚ್ಚರವಾಗಿಯೇ ಇರುತ್ತದೆ. ಇಂಥ ಸ್ಟ್ಯಾಂಡ್‌ಬೈ ಬಳಕೆ ಒಂದು ವ್ಯಾಟ್ ಮೀರಬಾರದೆಂಬ ಗುರಿಯನ್ನು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲೇ ಮುಂದಿಟ್ಟಿತ್ತು. ಈಚಿನ ಬಹುಪಾಲು ಟಿವಿಗಳು ಆ ಮಿತಿಯೊಳಗಿದ್ದರೂ, ಬೇಗ ಹೊತ್ತಿಕೊಳ್ಳಲೆಂದು ಇರುವ 'ಕ್ವಿಕ್ ಸ್ಟಾರ್ಟ್' ಆಯ್ಕೆಯನ್ನು ಚಾಲೂ ಇಟ್ಟರೆ ಬಳಕೆ ಹಲವು ಪಟ್ಟು ಏರಬಹುದು. ಹಳೆಯ ಸೆಟ್‌ಟಾಪ್ ಬಾಕ್ಸ್‌ಗಳಲ್ಲಂತೂ ನಡೆಯುವಾಗಿನ ಬಳಕೆಗೂ ಆರಿಸಿದಾಗಿನ ಬಳಕೆಗೂ ಹೆಚ್ಚಿನ ಅಂತರವೇ ಇರುವುದಿಲ್ಲ.

ಯಾವ ಉಪಕರಣ ಎಷ್ಟು ಎಳೆಯುತ್ತದೆಂದು ತಿಳಿಯಲು ಸಾಕೆಟ್‌ಗೂ ಪ್ಲಗ್‌ಗೂ ನಡುವೆ ಸಿಕ್ಕಿಸುವ ಈ ಚಿಕ್ಕ ಮೀಟರ್ ಸಾಕು. ಇದರಲ್ಲಿ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿ ನೋಡಬೇಡಿ. ಸಣ್ಣ ಅಡಾಪ್ಟರ್‌ಗಳ ಪವರ್ ಫ್ಯಾಕ್ಟರ್, ಎಂದರೆ ಆ ಗುಣಲಬ್ಧದಲ್ಲಿ ನಿಜವಾಗಿ ಖರ್ಚಾಗುವ ಪಾಲು, ಕಡಿಮೆಯಿರುವುದರಿಂದ ಆ ಲೆಕ್ಕ ನಿಜವಾದ ಬಳಕೆಗಿಂತ ಬಹಳ ಹೆಚ್ಚು ಬರುತ್ತದೆ. ವ್ಯಾಟ್ ಎಂದು ತೋರಿಸುವ ಅಂಕಿಯನ್ನೇ ನೋಡಬೇಕು. ಕಂಪ್ರೆಸರ್ ಹೊತ್ತುಹೊತ್ತಿಗೆ ನಿಂತು ನಡೆಯುವ ಫ್ರಿಜ್‌ಗೆ ಕನಿಷ್ಠ ಒಂದು ಇಡೀ ದಿನದ ಯೂನಿಟ್ ಲೆಕ್ಕ ಬೇಕು.

ಅಳೆದು ನೋಡಿದರೆ ನಮ್ಮ ಕಾಳಜಿ ಎಷ್ಟೋ ಸಲ ತಪ್ಪು ಜಾಗದಲ್ಲಿರುವುದು ತಿಳಿಯುತ್ತದೆ. 0.1 ವ್ಯಾಟ್ ಎಳೆಯುವ ಫೋನ್ ಚಾರ್ಜರನ್ನು ವರ್ಷವಿಡೀ ಖಾಲಿ ಸಿಕ್ಕಿಸಿಟ್ಟರೂ ಆಗುವುದು ಒಂದು ಯೂನಿಟ್‌ಗಿಂತ ಕಡಿಮೆ. 2000 ವ್ಯಾಟ್‌ನ ಗೀಸರ್ ಅರ್ಧ ಗಂಟೆ ನಡೆದರೆ ಅಷ್ಟು ಮುಗಿಯುತ್ತದೆ. ಚಾರ್ಜರ್ ತೆಗೆಯಿರೆಂದು ಮನೆಯವರ ಬೆನ್ನು ಹತ್ತುವುದಕ್ಕಿಂತ, ರಾತ್ರಿಯಿಡೀ ಸುಮ್ಮನೆ ಚಾಲೂ ಇರುವ ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕುವುದು ನನ್ನ ದೃಷ್ಟಿಯಲ್ಲಿ ಎಷ್ಟೋ ಮೇಲು. ಸ್ಕ್ರೀನ್ ಸೇವರ್‌ನಿಂದ ಉಳಿತಾಯವಾಗುವುದಿಲ್ಲ, ಪರದೆಯೇ ಆರಬೇಕು.

ನಮ್ಮಲ್ಲಿ ಈಗ ಸೆಟ್‌ಟಾಪ್ ಬಾಕ್ಸ್, ಸ್ಪೀಕರ್ ಮತ್ತು ಗೇಮ್ ಕನ್ಸೋಲ್ ಮೂರೂ ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಸೇರಿವೆ. ಕನ್ಸೋಲನ್ನು ಮೆನುವಿನಿಂದ ಪೂರ್ತಿ ಮುಚ್ಚಿದ ಮೇಲೆಯೇ ಆ ಸ್ವಿಚ್ ತೆಗೆಯುತ್ತೇವೆ. ಎರಡು ಉಪಕರಣಗಳನ್ನು ಮಾತ್ರ ಇದರಿಂದ ಹೊರಗಿಟ್ಟಿದ್ದೇವೆ. ಒಎಲ್‌ಇಡಿ ಟಿವಿ ಸ್ಟ್ಯಾಂಡ್‌ಬೈನಲ್ಲಿರುವಾಗಲೇ ತನ್ನ ಪರದೆಯನ್ನು ಸರಿಪಡಿಸಿಕೊಳ್ಳುವುದರಿಂದ ಅದಕ್ಕೆ ವಿದ್ಯುತ್ ಇರಬೇಕು. ಇಂಕ್‌ಜೆಟ್ ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಬೇಕು. ಇಲ್ಲದಿದ್ದರೆ ಶಾಯಿಯ ತುದಿ ಮುಚ್ಚಿಕೊಳ್ಳದೆ ಒಣಗಿಹೋಗಬಹುದು.