ಬಿದ್ದ ವಿಮಾನದವರನ್ನು ಬಚ್ಚಿಟ್ಟವರು: 1942ರ ಒಂದು ಸಿನಿಮಾ, ಅದರಾಚೆಗಿನ ನಿಜ

[ಪರದೆ: ಕಪ್ಪು-ಬಿಳುಪು. ಆಕಾಶ, ಎಂಜಿನ್ ಸದ್ದು]

ನಮಸ್ಕಾರ. ಒಂದು ಬಾಂಬರ್ ವಿಮಾನ ಸಮುದ್ರ ದಾಟಿ ಇಂಗ್ಲೆಂಡಿಗೆ ವಾಪಸ್ ಬರ್ತಾ ಇದೆ. ಪೈಲಟ್ ಸೀಟು ಖಾಲಿ. ಗನ್ನರ್‌ಗಳ ಜಾಗವೂ ಖಾಲಿ. ಒಳಗೆ ನರಪಿಳ್ಳೆ ಇಲ್ಲ. ಕೊನೆಗೆ ಅದು ಹೈಟೆನ್ಶನ್ ಟವರಿಗೆ ಬಡಿದು ಉರಿದುಹೋಗುತ್ತೆ.

'ಒನ್ ಆಫ್ ಅವರ್ ಏರ್‌ಕ್ರಾಫ್ಟ್ ಈಸ್ ಮಿಸ್ಸಿಂಗ್' ಅನ್ನೋ ಬ್ರಿಟಿಷ್ ಸಿನಿಮಾ ಶುರುವಾಗೋದೇ ಹೀಗೆ. 1942ರಲ್ಲಿ, ಯುದ್ಧ ಇನ್ನೂ ನಡೀತಿರುವಾಗಲೇ ಬಂದ ಚಿತ್ರ. ಮೈಕಲ್ ಪೊವೆಲ್, ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿ ಮಾಡಿದ್ದು. ಎಡಿಟಿಂಗ್ ಯಾರದ್ದು ಗೊತ್ತಾ? ಡೇವಿಡ್ ಲೀನ್. ಹೌದು, 'ಎ ಪ್ಯಾಸೇಜ್ ಟು ಇಂಡಿಯಾ'ಗಾಗಿ ನಮ್ಮ ಸಾವನದುರ್ಗ, ರಾಮನಗರದ ಬಂಡೆಗಳ ಹತ್ರ ಕ್ಯಾಮೆರಾ ಇಟ್ಟರಲ್ಲ, ಅವರೇ.

ಕಥೆ ಸಣ್ಣದು. ಜರ್ಮನಿಯ ಸ್ಟುಟ್‌ಗಾರ್ಟ್ ಮೇಲೆ ಬಾಂಬ್ ಹಾಕೋಕೆ ಹೊರಟ ವೆಲಿಂಗ್ಟನ್ ವಿಮಾನಕ್ಕೆ ಗುಂಡೇಟು ಬೀಳುತ್ತೆ. ಆರು ಜನ ಪ್ಯಾರಾಚೂಟ್ ಕಟ್ಟಿಕೊಂಡು ಹಾಲೆಂಡ್ ಮೇಲೆ ಹಾರ್ತಾರೆ. 1940ರ ಮೇ ತಿಂಗಳಿಂದ ಆ ದೇಶ ಜರ್ಮನ್ನರ ಕೈಯಲ್ಲಿದೆ. ಐವರು ಒಬ್ಬರಿಗೊಬ್ಬರು ಸಿಗ್ತಾರೆ, ಒಬ್ಬನ ಪತ್ತೆಯಿಲ್ಲ. ಇವರನ್ನ ಮೊದಲು ನೋಡೋದು ಮಕ್ಕಳು. ಮಕ್ಕಳು ಊರಿಗೆ ಕರ್ಕೊಂಡು ಹೋಗ್ತಾರೆ.

ಈಗ ಬರೋದು ಈ ಚಿತ್ರದ ಅತ್ಯುತ್ತಮ ದೃಶ್ಯ. ಊರಿನವರು ಹಾರ ಹಾಕಿ ಬರಮಾಡಿಕೊಳ್ತಾರೆ ಅಂದ್ಕೊಂಡ್ರೆ, ಇಲ್ಲ. ಎಲ್ಸ್ ಮೀರ್ಟೆನ್ಸ್ ಅನ್ನೋ ಶಾಲಾ ಶಿಕ್ಷಕಿ ಎದುರಿಗೆ ನಿಂತು ವಿಚಾರಣೆ ಶುರು ಮಾಡ್ತಾಳೆ. ನೀವು ಇಂಗ್ಲಿಷರೇ ಅನ್ನೋದಕ್ಕೆ ಏನು ಪುರಾವೆ? ಜರ್ಮನ್ನರು ವೇಷ ಹಾಕಿ ಬಂದಿರಬಹುದಲ್ಲ? ತಲೆ ನರೆತ ಗನ್ನರ್, ಅದೂ 'ಸರ್' ಪದವಿಯವರು, ಪರೀಕ್ಷೆಗೆ ಕೂತ ಹುಡುಗನ ಥರ ಉತ್ತರ ಕೊಡಬೇಕು. ಪಮೇಲಾ ಬ್ರೌನ್ ಆ ಪಾತ್ರ ಮಾಡಿದ್ದಾರೆ. ಮುಖದಲ್ಲಿ ಒಂದು ಗೆರೆಯೂ ಅಲುಗಲ್ಲ. ಚಿತ್ರಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ, ಹಾಗಾಗಿ ಯಾವಾಗ ಹೆದರಬೇಕು ಅಂತ ನಮಗೆ ಯಾರೂ ಸೂಚನೆ ಕೊಡಲ್ಲ.

[ಪರದೆ: ಯುರೋಪಿನ ನಕ್ಷೆ]

ಅಷ್ಟೊಂದು ಅನುಮಾನ ಯಾಕೆ ಬೇಕಿತ್ತು? ಸಿಕ್ಕಿಬಿದ್ದ ವಾಯುಪಡೆಯವನು ಯುದ್ಧಕೈದಿ, ಅವನಿಗೆ ಜಿನೀವಾ ಒಪ್ಪಂದದ ರಕ್ಷಣೆ ಉಂಟು. ಅವನಿಗೆ ಊಟ ಹಾಕಿದ ಮನೆಯವರಿಗೆ ಯಾವ ಒಪ್ಪಂದವೂ ಇಲ್ಲ. 1941ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಗೋಡೆಗಳ ಮೇಲೆ ಜರ್ಮನ್ನರು ಅಂಟಿಸಿದ ನೋಟಿಸಿನಲ್ಲಿ ನೇರವಾಗಿ ಬರೆದಿತ್ತು: ಸಹಾಯ ಮಾಡಿದ ಗಂಡಸಿಗೆ ಗುಂಡು, ಹೆಂಗಸಿಗೆ ಜರ್ಮನಿಯ ಸೆರೆಶಿಬಿರ. ಹಿಡಿದುಕೊಟ್ಟವರಿಗೆ ಬಹುಮಾನ ಬೇರೆ.

ಆ ಶಿಕ್ಷಕಿಯ ಭಯ ಬರೀ ಸಿನಿಮಾ ಭಯ ಅಲ್ಲ. ಪಕ್ಕದ ಬೆಲ್ಜಿಯಂನಲ್ಲಿ 'ಕಾಮೆಟ್ ಲೈನ್' ಅಂತ ಒಂದು ಗುಪ್ತ ಜಾಲ ಇತ್ತು. ಬಿದ್ದ ವಿಮಾನದವರನ್ನ ಬ್ರಸೆಲ್ಸ್‌ನಿಂದ ಪ್ಯಾರಿಸ್‌ಗೆ, ಅಲ್ಲಿಂದ ಪಿರೆನೀಸ್ ಬೆಟ್ಟ ಹತ್ತಿಸಿ ಸ್ಪೇನ್‌ಗೆ, ಕೊನೆಗೆ ಬ್ರಿಟಿಷರ ಕೈಯಲ್ಲಿದ್ದ ಜಿಬ್ರಾಲ್ಟರ್‌ಗೆ ದಾಟಿಸೋ ಜಾಲ. ಸಿನಿಮಾ ಬಂದ ವರ್ಷವೇ, ನವೆಂಬರಿನಲ್ಲಿ, ಇಬ್ಬರು ಅಮೆರಿಕನ್ ವೈಮಾನಿಕರು ಅಂತ ಹೇಳ್ಕೊಂಡು ಬ್ರಸೆಲ್ಸ್‌ನ ಮಾರೆಶಾಲ್ ಕುಟುಂಬದ ಮನೆಗೆ ಬಂದರು. ಇಬ್ಬರೂ ಜರ್ಮನ್ನರ ಕಡೆಯವರು. ಆ ಮನೆಯಿಂದ ಶುರುವಾದ ಬಂಧನ ಜಾಲದ ಉದ್ದಕ್ಕೂ ಹಬ್ಬಿತು.

ನಿಜವಾದ ವೈಮಾನಿಕರನ್ನ ಸಾಗಿಸೋದೂ ಸುಲಭ ಇರಲಿಲ್ಲ. ಭಾಷೆ ಬರಲ್ಲ, ಬಾಯಿ ಮುಚ್ಕೊಂಡಿದ್ರೆ ಆಯ್ತು. ಆದ್ರೆ ಕೈ? ಅಮೆರಿಕನ್ನರು ಮಾಂಸ ಕತ್ತರಿಸಿದ ಮೇಲೆ ಫೋರ್ಕನ್ನ ಬಲಗೈಗೆ ಬದಲಾಯಿಸ್ತಾರೆ, ಯುರೋಪಿನವರು ಎಡಗೈಯಲ್ಲೇ ತಿನ್ನೋದು. ಹೋಟೆಲಿನಲ್ಲಿ ಅಷ್ಟು ಸಾಕು ಸಿಕ್ಕಿಬೀಳೋಕೆ. ಸಿಗರೇಟನ್ನ ಅರ್ಧಕ್ಕೇ ಬಿಸಾಕೋ ಹಾಗಿಲ್ಲ, ತಂಬಾಕು ರೇಷನ್ ಇರೋ ಊರಲ್ಲಿ ಬೆರಳು ಸುಡೋವರೆಗೂ ಎಳೀತಾರೆ. ಜೇಬಿಗೆ ಕೈ ಹಾಕಿ ಚಿಲ್ಲರೆ ಕುಲುಕಬಾರದು, ಚೂಯಿಂಗ್ ಗಮ್ ಅಗಿಯಬಾರದು. ಆರಡಿ ಎತ್ತರದ ಯೋಧನಿಗೆ ಇದನ್ನೆಲ್ಲ ಕಲಿಸ್ತಿದ್ದವರಲ್ಲಿ ಎಷ್ಟೋ ಜನ ಹುಡುಗೀರು.

ಆ ಜಾಲ ಕಟ್ಟಿದವಳೂ ಒಬ್ಬ ಹುಡುಗಿಯೇ. ಆಂಡ್ರೀ ದ ಯೊಂಗ್, ಎಲ್ಲರ ಬಾಯಲ್ಲಿ ದೆದೆ. 1941ರ ಆಗಸ್ಟಿನಲ್ಲಿ ಒಬ್ಬ ಸ್ಕಾಟಿಷ್ ಸೈನಿಕ, ಇಬ್ಬರು ಬೆಲ್ಜಿಯನ್ನರನ್ನ ಬೆಟ್ಟ ದಾಟಿಸಿ ಸ್ಪೇನಿನ ಬಿಲ್ಬಾವ್‌ನ ಬ್ರಿಟಿಷ್ ಕಾನ್ಸುಲೇಟಿಗೆ ಬಂದಾಗ ಅವಳಿಗೆ 24 ವರ್ಷ. ಬ್ರಿಟಿಷರಿಗೂ ಮೊದಲು ಇವಳ ಮೇಲೆ ಅನುಮಾನ. 1943ರ ಜನವರಿಯಲ್ಲಿ ಗಡಿ ಹತ್ತಿರದ ಒಂದು ತೋಟದ ಮನೆಯಲ್ಲಿ ಸಿಕ್ಕಿಬಿದ್ದಳು. ನಾಜಿಗಳ ಗುಪ್ತ ಪೊಲೀಸ್ ಗೆಸ್ಟಾಪೊ ಮುಂದೆ, ಜಾಲದ ಮುಖ್ಯಸ್ಥೆ ನಾನೇ ಅಂತ ಹೇಳಿದ್ಲು. ಅವರು ನಂಬಲೇ ಇಲ್ಲ! ಇಷ್ಟು ಚಿಕ್ಕ ಹುಡುಗಿಯಿಂದ ಇಂಥ ಕೆಲಸ ಸಾಧ್ಯವೇ ಇಲ್ಲ ಅನ್ನೋದು ಅವರ ಲೆಕ್ಕ.

ಸಿನಿಮಾ ಮಾಡಿದವರ ಲೆಕ್ಕ ಇದಕ್ಕೆ ಉಲ್ಟಾ. ಎಲ್ಸ್ ಆದ ಮೇಲೆ, ಕರಾವಳಿಯ ಊರಲ್ಲಿ ಯೋ ದ ವ್ರೀಸ್ ಬರ್ತಾಳೆ. ಗೂಗಿ ವಿದರ್ಸ್ ಮಾಡಿದ ಪಾತ್ರ. ಬ್ರಿಟಿಷರ ಬಾಂಬಿಗೆ ಗಂಡ ಸತ್ತ ಅಂತ ಊರೆಲ್ಲ ನಂಬಿಸಿ, ಜರ್ಮನ್ನರ ವಿಶ್ವಾಸ ಗಳಿಸಿ, ಅವರ ಮೂಗಿನ ಕೆಳಗೇ ಇಂಗ್ಲಿಷರನ್ನ ಸಾಗಿಸ್ತಾಳೆ. ಎಲ್ಲಿಗೆ, ಯಾವಾಗ, ಯಾವ ಬಟ್ಟೆಯಲ್ಲಿ ಅನ್ನೋದೆಲ್ಲ ಹೆಂಗಸರ ತೀರ್ಮಾನ. ಗಂಡಸರು ಹೇಳಿದಷ್ಟು ಮಾಡ್ತಾರೆ.

ನನ್ನ ತಕರಾರು ಒಂದೇ. ಇಲ್ಲಿನ ದೇಶದ್ರೋಹಿ ದ ಯೊಂಗ್ ಬರೀ ನಗೆಪಾಟಲಿನ ಪುಕ್ಕಲ. (ದೆದೆಯ ಮನೆತನದ ಹೆಸರೇ ಅವನಿಗೂ ಇರೋದು ಬರೀ ಕಾಕತಾಳೀಯ.) ನಿಜದಲ್ಲಿ ಜಾಲಗಳನ್ನ ಮುರಿದವರು ಪುಕ್ಕಲರಲ್ಲ, ಮನೆಮಂದಿಯ ಜೊತೆ ಕೂತು ಉಂಡವರು. ಯುದ್ಧದ ನಡುವೆ, ಬ್ರಿಟನ್ನಿನ ಜನರ ಧೈರ್ಯ ಹೆಚ್ಚಿಸೋಕೆ ಮಾಡಿದ ಚಿತ್ರ ಅದನ್ನ ಹೇಗೆ ತೋರಿಸೀತು? ಹಾಗಾಗಿ ಇಲ್ಲಿ ಬಾಗಿಲು ತೆರೆದವರ ಮುಂದಿನ ಕಥೆ ಇಲ್ಲ. ದೆದೆಯ ಅಪ್ಪ ಫ್ರೆಡೆರಿಕ್‌ನೂ ಇದೇ ಕೆಲಸದಲ್ಲಿದ್ದ. ಅವನನ್ನ 1944ರ ಮಾರ್ಚಿನಲ್ಲಿ ಪ್ಯಾರಿಸ್‌ನಲ್ಲಿ ಗುಂಡಿಟ್ಟು ಕೊಂದರು. ದೆದೆ ಸೆರೆಶಿಬಿರದಿಂದ ಬದುಕಿ ಬಂದು, ಆಫ್ರಿಕಾದ ಕುಷ್ಠರೋಗ ಆಸ್ಪತ್ರೆಗಳಲ್ಲಿ ದುಡಿದು, 2007ರಲ್ಲಿ ತೀರಿಕೊಂಡಳು.